ಗಂಗವ್ವನ ಮನೆಯಿಂದ ಯೇಟ್ಸನ ಊರಿಗೆ

ನಾವು ಬಾಗಲಗುಂಟೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಆಗ ಹೆಸರಘಟ್ಟ ರಸ್ತೆಯ ಎರಡೂ ಬದಿಗೆ ಖಾಲಿ ಸೈಟುಗಳಿದ್ದವು. 2007ರಲ್ಲಿ ನಮ್ಮ ದಾಸರಹಳ್ಳಿ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು, 2015ರಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂತು, ಸೈಟುಗಳೆಲ್ಲ ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳಾದವು. ಬದಲಾಗದೆ ಉಳಿದದ್ದು ಬೆಳಗಿನ ಜಾವದ ನೋಟ. ಬುತ್ತಿ ಹಿಡಿದು ಪೀಣ್ಯದ ಕಡೆ ಹೊರಟ ಜನ, ಮೊದಲ ಶಿಫ್ಟಿನವರು. ಅವರಲ್ಲಿ ಬಹಳ ಮಂದಿ ಗದಗ, ಬಾಗಲಕೋಟೆ, ರಾಯಚೂರು, ಕಲಬುರಗಿ ಕಡೆಯವರು. ಹಾಗಾಗಿ ಬೆಂಗಳೂರಿನ ಈ ಮೂಲೆಯಲ್ಲಿ ಖಾನಾವಳಿಯ ಬೋರ್ಡುಗಳಿವೆ, ಜೋಳದ ರೊಟ್ಟಿ ಬಡಿಯುವ ಸದ್ದಿದೆ, 'ಹೌದಲ್ರೀ', 'ಬರ್ರೀ', 'ಹಂಗ್ಯಾಕಂತೀರಿ' ಎಂಬ ಮಾತು ಗಲ್ಲಿಗಲ್ಲಿಯಲ್ಲಿ ಕೇಳುತ್ತದೆ. ಶಿರಾದಿಂದ ಬಂದ ನಮಗೆ ಅದು ಮೊದಮೊದಲು ಬೇರೆಯೇ ಒಂದು ಭಾಷೆಯಂತೆ ಕೇಳಿಸಿತ್ತು.

'ನಾವು' ಎಂದರೆ ಯಾರು ಎಂದು ಓದುಗರು ಕೇಳಬಹುದು. ನಮ್ಮ ಅಬ್ಬಾ ಉರ್ದು ಶಾಲೆಯ ಮೇಷ್ಟ್ರು. ಒಬ್ಬರೇ ಇದ್ದರೂ 'ಹಮ್' ಎನ್ನುತ್ತಿದ್ದರು. ಆ ರೂಢಿ ನಮಗೂ ಅಂಟಿದೆ. ಕನ್ನಡದಲ್ಲಿ ಅದು ದೊಡ್ಡಸ್ತಿಕೆಯಂತೆ ಕಂಡರೆ ಮನ್ನಿಸಬೇಕು.

ಏಳನೆಯ ತರಗತಿಯವರೆಗೆ ನಾವು ಓದಿದ್ದು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಎಂಟನೆಯ ತರಗತಿಗೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹಾಕಿದರು. ಕನ್ನಡ ಮೊದಲೇ ಬೀದಿಯಲ್ಲಿ ಬಂದಿತ್ತು, ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಗೋಲಿ ಆಟದಲ್ಲಿ ಬಂದಿತ್ತು. ಆದರೆ ಪುಸ್ತಕದ ಕನ್ನಡ ಬೇರೆ. ಉರ್ದುವಿನಲ್ಲಿ ಬಸ್ಸು ಹೆಣ್ಣು. ನಾವು ತರಗತಿಯಲ್ಲಿ ಎದ್ದು ನಿಂತು, "ಸಾರ್, ಬಸ್ಸು ಬಂದ್ಲು" ಎಂದುಬಿಟ್ಟೆವು. ಆ ವರ್ಷ ಪೂರ್ತಿ ನಮ್ಮ ಅಡ್ಡಹೆಸರು ಬಸ್ಸು. ಅದರ ಸೇಡಿಗೋ ಏನೋ, ಕನ್ನಡವನ್ನು ಹಟ ಹಿಡಿದು ಕಲಿತೆವು. ಕಡೆಗೆ ಕತೆಗಳನ್ನೂ ಬರೆಯತೊಡಗಿದೆವು.

ಮೊದಮೊದಲ ಕತೆಗಳಲ್ಲೊಂದನ್ನು ಒಂದು ಪತ್ರಿಕೆ ವಾಪಸು ಕಳಿಸಿತು. ಪತ್ರಿಕೆಯ ಹೆಸರು ಬೇಡ, ಈಗ ಯಾರ ಮೇಲೂ ಸಿಟ್ಟಿಲ್ಲ. ಜೊತೆಗೊಂದು ಚೀಟಿ ಇತ್ತು: ಪಾತ್ರಗಳ ಕನ್ನಡ ಶುದ್ಧವಾಗಿಲ್ಲ, ತಿದ್ದಿ ಕಳಿಸಿ. ನಾವು ತಿದ್ದಿದೆವು. ಕತೆಯ ತಾಯಿ ಮಗನಿಗೆ "ಅಡುಗೆ ಸಿದ್ಧವಾಗಿದೆ, ಬೇಗನೆ ಬಂದು ಊಟ ಮಾಡು" ಎನ್ನುವಂತೆ ಮಾಡಿದೆವು. ಕತೆ ಅಚ್ಚಾಯಿತು. ಅಮ್ಮಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಓದಿ ಹೇಳಿದೆವು. ಕತೆಯ ತಾಯಿ ನಿಜದಲ್ಲಿ ಅಮ್ಮಿಯೇ. ಅವಳ ಅಡುಗೆಮನೆ, ಅವಳ ಒಲೆ, ಅವಳ ಬೈಗುಳ. ಪೂರ್ತಿ ಕೇಳಿ ಅಮ್ಮಿ ಕೇಳಿದಳು, "ಯೇ ಔರತ್ ಕೌನ್ ಹೈ ರೇ?" ಯಾರೋ ಈ ಹೆಂಗಸು?

ಆ ಪ್ರಶ್ನೆಗೆ ಉತ್ತರ ಹುಡುಕಿಕೊಡಲು ನೆರವಾದವರು ಧಾರವಾಡದ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು. ನಾವು ಅವರನ್ನು ಒಮ್ಮೆಯೂ ಕಂಡವರಲ್ಲ. ಅವರು ಐರ್ಲೆಂಡಿನ ಕವಿಯೊಬ್ಬನ ಹಿಂದೆ ಹೋದ ವಿದ್ವಾಂಸರು ಎಂಬುದು ಗೊತ್ತಾದದ್ದು ಆಮೇಲೆ. ಮೊದಲು ಸಿಕ್ಕಿದ್ದು ಅವರ ಕಾದಂಬರಿ.

ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ 'ಗಂಗವ್ವ ಗಂಗಾಮಾಯಿ' ಸಿಕ್ಕಿತು. ಬರೆದವರು ಶಂಕರ ಮೊಕಾಶಿ ಪುಣೇಕರ. ಒಬ್ಬ ತಾಯಿಯ ಕತೆ ಎಂದು ಕೊಂಡೆವು, ಅಷ್ಟೆ. ಮನೆಗೆ ತಂದು ಓದತೊಡಗಿದರೆ ಮಾತುಗಳು ಕಣ್ಣಿಗೆ ತೊಡರುತ್ತಿದ್ದವು. ಧಾರವಾಡದ ಮನೆಮಾತು, ತಿದ್ದದ ಮಾತು. ನಮ್ಮ ಮಹಡಿಯ ಮನೆಯಲ್ಲಿ ರೋಣ ತಾಲ್ಲೂಕಿನವರೊಬ್ಬರಿದ್ದಾರೆ, ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಒಂದು ಭಾನುವಾರ ಅವರನ್ನು ಕರೆದು, ಒಂದು ಪುಟವನ್ನು ಗಟ್ಟಿಯಾಗಿ ಓದಿಸಿದೆವು. ಅವರು ಓದುತ್ತಾ ಓದುತ್ತಾ ನಗತೊಡಗಿದರು, ನಿಲ್ಲಿಸಲಿಲ್ಲ. ನಮಗೆ ಕಣ್ಣಿಗೆ ತೊಡರಿದ್ದು ಅವರ ಬಾಯಲ್ಲಿ ಹರಿಯಿತು. "ಸಾಹೇಬ್ರ, ಇದು ನಮ್ಮವ್ವನ ಮಾತ ಐತ್ರಿ. ಇದನ್ನ ಯಾರು ಬರದ್ರು?" ಎಂದರು.

ಯಾರು ಬರೆದರು ಎಂದು ಹುಡುಕಹೊರಟೆವು.

ಶಂಕರ ಮೊಕಾಶಿ ಪುಣೇಕರರು ಹುಟ್ಟಿದ್ದು 1928ರಲ್ಲಿ, ಧಾರವಾಡದಲ್ಲಿ. ತೀರಿಕೊಂಡದ್ದು 2004ರಲ್ಲಿ. ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸಿದವರು, ಮುಂಬಯಿಯ ಐಐಟಿಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ. ಕಾದಂಬರಿ, ಕವಿತೆ, ವಿಮರ್ಶೆ ಎಲ್ಲವನ್ನೂ ಬರೆದರು. 1987ರ 'ಅವಧೇಶ್ವರಿ' ಕಾದಂಬರಿಗೆ ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ಕನ್ನಡದ ಪುಸ್ತಕಗಳಲ್ಲೇ ಸಿಕ್ಕಿತು. ಆದರೆ ಹೊರಗಿನ ವಿದ್ವತ್ ಲೋಕದಲ್ಲಿ ಅವರನ್ನು ಬಲ್ಲವರು ಬೇರೆ ಕಾರಣಕ್ಕೆ ಬಲ್ಲರು. 1966ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರ ಒಂದು ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿತು. ಐರ್ಲೆಂಡಿನ ಮಹಾಕವಿ ವಿಲಿಯಂ ಬಟ್ಲರ್ ಯೇಟ್ಸನ ಬೆಳವಣಿಗೆಯ ಕೊನೆಯ ಹಂತವನ್ನು ಕುರಿತ ಅಧ್ಯಯನ ಅದು. ಅಲ್ಲಿಂದ ಮುಂದೆಯೂ ಅವರು ಯೇಟ್ಸನನ್ನು ಬಿಡಲಿಲ್ಲ.

ಯೇಟ್ಸನ ವಿಚಾರದಲ್ಲಿ ನಮ್ಮದೂ ಒಂದು ನಗೆಪಾಟಲಿದೆ. ಕೀಟ್ಸ್ ಎಂಬ ಕವಿಯ ಹೆಸರು ಕೇಳಿದ್ದೆವು. ಇಂಗ್ಲಿಷಿನಲ್ಲಿ ಅದೇ ಅಕ್ಷರಗಳ ಸಾಲು ನೋಡಿ, ಇವನು ಈಟ್ಸ್ ಎಂದು ವರ್ಷಗಟ್ಟಲೆ ನಂಬಿದ್ದೆವು. ಸಾಹಿತ್ಯದ ಒಂದು ಸಭೆಯಲ್ಲಿ ಹಾಗೆಯೇ ಹೇಳಿದ್ದೂ ಆಯಿತು. ಯಾರೂ ತಿದ್ದಲಿಲ್ಲ. ಅವರೆಲ್ಲ ಮರ್ಯಾದಸ್ಥರೋ, ಅವರಿಗೂ ಗೊತ್ತಿರಲಿಲ್ಲವೋ, ಅಲ್ಲಾಹನೇ ಬಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯರೊಬ್ಬರು ಆ 1966ರ ಗ್ರಂಥವನ್ನು ತಂದುಕೊಟ್ಟರು. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾವು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು. ಇನ್‌ವಾಯ್ಸಿನ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕಾವ್ಯದ್ದು ಬಾರದು. ನಿಘಂಟು ಮಡಿಲಲ್ಲಿಟ್ಟುಕೊಂಡು, ಗೆಳೆಯರನ್ನು ಪೀಡಿಸಿ, ತಿಂಗಳುಗಟ್ಟಲೆ ಓದಿದೆವು. ಎಲ್ಲ ತಿಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಇಸವಿ. 'ಗಂಗವ್ವ ಗಂಗಾಮಾಯಿ' ಬಂದದ್ದು 1956ರಲ್ಲಿ, ಯೇಟ್ಸ್ ಗ್ರಂಥ 1966ರಲ್ಲಿ. ಸಾಮಾನ್ಯವಾಗಿ ನಮ್ಮಲ್ಲಿ ಕ್ರಮ ತಿರುವುಮುರುವು. ಇಂಗ್ಲಿಷ್ ಸಾಹಿತ್ಯ ಓದಿ, ಅದರ ಬೆಳಕಿನಲ್ಲಿ ಕನ್ನಡದಲ್ಲಿ ಬರೆಯುವುದು ಎಂದು ಹೇಳುತ್ತಾರೆ. ಇಲ್ಲಿ, ಮೂವತ್ತು ತುಂಬದ ಯುವಕ ಮೊದಲು ತನ್ನ ಊರಿನ ಗಂಗವ್ವನ ಬಾಯಿಂದ ಮಾತಾಡಿಸಿದ್ದಾನೆ. ಹತ್ತು ವರ್ಷದ ಮೇಲೆ ಐರ್ಲೆಂಡಿನ ಕವಿಯ ಮೇಲಿನ ಗ್ರಂಥ ಬಂದಿದೆ. ಆ ಕವಿಯ ಬಾಗಿಲು ತಟ್ಟಿದವರು ಬರಿಗೈಯಲ್ಲಿ ಹೋದವರಲ್ಲ.

ಹಾಗೆ ಹೋದವರಿಗೆ ಐರ್ಲೆಂಡು ಅಷ್ಟೇನೂ ಹೊಸದಾಗಿ ಕಂಡಿರಲಾರದು ಎಂದು ನಮಗೆ ಅನ್ನಿಸುತ್ತದೆ. ಯೇಟ್ಸ್ ಹುಟ್ಟಿದ್ದು 1865ರಲ್ಲಿ, ಇಂಗ್ಲಿಷರ ಆಳ್ವಿಕೆಯಲ್ಲಿದ್ದ ಡಬ್ಲಿನ್‌ನಲ್ಲಿ. ಐರಿಷ್ ಎಂಬ ಹಳೆಯ ಭಾಷೆ ಪಡುವಣ ಕರಾವಳಿಯ ಬಡವರ ಬಾಯಲ್ಲಿ ಮಾತ್ರ ಉಳಿದಿತ್ತು. ಓದಿದವರೆಲ್ಲ ಇಂಗ್ಲಿಷಿಗೆ ಹೋಗಿದ್ದರು. ಯೇಟ್ಸನಿಗೂ ಐರಿಷ್ ಬಾರದು. ಆದರೂ ಅವನು ಮತ್ತು ಅವನ ಜೊತೆಗಾರರು ತಮ್ಮ ನಾಡಿನದೇ ಆದ ಒಂದು ಸಾಹಿತ್ಯ ಬೇಕೆಂದು ಹೊರಟರು. ಲೇಡಿ ಗ್ರೆಗರಿ ಎಂಬ ಹೆಂಗಸು, ಜಮೀನ್ದಾರರ ಮನೆಯವಳು, ಐರಿಷ್ ಕಲಿತಳು. ತನ್ನ ಸುತ್ತಿನ ಕಿಲ್ಟಾರ್ಟನ್ ಹಳ್ಳಿಗರ ಗುಡಿಸಲುಗಳಲ್ಲಿ ಕೂತು ಕತೆಗಳನ್ನು ಕೇಳಿ ಬರೆದುಕೊಂಡಳು. ಯೇಟ್ಸ್ 1896ರಲ್ಲಿ ಪ್ಯಾರಿಸ್‌ನಲ್ಲಿ ಸಿಂಜ್ ಎಂಬ ಯುವಕನನ್ನು ಕಂಡು, ಇಲ್ಲೇನು ಮಾಡುತ್ತೀ, ಅರಾನ್ ದ್ವೀಪಗಳಿಗೆ ಹೋಗು ಎಂದು ಅಟ್ಟಿದ. ಸಿಂಜ್ ಹೋದ, ಮೀನುಗಾರರ ನಡುವೆ ಇದ್ದ, ನಾಟಕಗಳನ್ನು ಬರೆದ.

ಅವರಿಬ್ಬರೂ ಮಾಡಿದ್ದೇನು ಎಂಬುದು ತಿಳಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಹಳ್ಳಿಗರು ಮಾತಾಡುವ ಇಂಗ್ಲಿಷಿನ ಅಡಿಯಲ್ಲಿ ಐರಿಷ್ ಇತ್ತು. ಪದಗಳು ಇಂಗ್ಲಿಷಿನವು, ಮಾತಿನ ಮೈಕಟ್ಟು ಐರಿಷ್‌ನದು. ಗ್ರೆಗರಿಯೂ ಸಿಂಜನೂ ಅದನ್ನು ತಿದ್ದಲಿಲ್ಲ, ಹಾಗೆಯೇ ರಂಗಕ್ಕೆ ತಂದರು. ನಮ್ಮ ತೊಡಕೂ ಅದೇ ಅಲ್ಲವೇ? ಅಮ್ಮಿ ಆಡುವುದು ದಖನಿ. ಕತೆ ಕನ್ನಡದ್ದು. ಅವಳ ದಖನಿಯನ್ನು ಯಾವ ಕನ್ನಡದಲ್ಲಿ ಬರೆಯಬೇಕು? ಪಠ್ಯಪುಸ್ತಕದ ಕನ್ನಡದಲ್ಲಿ ಬರೆದರೆ ಅವಳು ತನ್ನನ್ನೇ ಗುರುತಿಸಳು. ದಖನಿಯಲ್ಲೇ ಬರೆದರೆ ಓದುಗರಿಗೆ ತಿಳಿಯದು. ಒಳಗೊಂದು ಹೊರಗೊಂದು ಭಾಷೆ ಇರುವ ಮನೆಯವರ ಈ ಪಾಡನ್ನು ಪಡುವಣದ ಒಂದು ದ್ವೀಪದ ಜನ ನೂರು ವರ್ಷ ಹಿಂದೆಯೇ ಪಟ್ಟಿದ್ದರು.

ಅದರ ಬೆಲೆಯನ್ನೂ ತೆತ್ತಿದ್ದರು. 1907ರಲ್ಲಿ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಸಿಂಜನ ನಾಟಕ ಆಡಿದಾಗ ಪ್ರೇಕ್ಷಕರು ದಾಂಧಲೆ ಮಾಡಿದರು. ಗಲಾಟೆ ಮಾಡಿದವರು ಇಂಗ್ಲಿಷರಲ್ಲ, ಐರಿಷರೇ. ನಮ್ಮವರನ್ನು ಹೀಗೆ ತೋರಿಸುತ್ತೀಯಾ ಎಂಬುದು ಅವರ ಸಿಟ್ಟು. ಈ ಪತ್ರಿಕೆಯ ಓದುಗರಲ್ಲಿ ಬರೆಯುವವರು ಇದ್ದರೆ ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯೊಳಗಿನ ಮಾತನ್ನು ಬೀದಿಗೆ ತಂದೆಯಲ್ಲ ಎಂದು ನಮಗೂ ಹೇಳಿದವರಿದ್ದಾರೆ, ಅದೂ ಜುಮಾ ನಮಾಜು ಮುಗಿಸಿ ಚಪ್ಪಲಿ ಹುಡುಕುವ ಹೊತ್ತಿನಲ್ಲಿ. ಹೇಳಿದವರು ನಮ್ಮ ಹಿತೈಷಿಗಳೇ. ಒಂದು ಕಡೆ ಭಾಷೆ ಶುದ್ಧವಿಲ್ಲವೆಂದು ವಾಪಸು, ಇನ್ನೊಂದು ಕಡೆ ಬರೆದದ್ದು ತೀರಾ ನಿಜವಾಯಿತೆಂದು ಆಕ್ಷೇಪ. ನಡುವೆ ಕತೆಗಾರ.

ಇನ್ನು ಯೇಟ್ಸನ ಬಗ್ಗೆ ನಮಗೆ ನೋವಾದ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. 1912ರಲ್ಲಿ ಟಾಗೋರರ 'ಗೀತಾಂಜಲಿ'ಗೆ ಮುನ್ನುಡಿ ಬರೆದು ಹೊಗಳಿದವನು ಇವನೇ. ಅದೇ ಯೇಟ್ಸ್ 1935ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಟಾಗೋರರಿಗೆ ಇಂಗ್ಲಿಷ್ ಬಾರದು, ಯಾವ ಭಾರತೀಯನಿಗೂ ಬಾರದು ಎಂದ. ಬಾಲ್ಯದಲ್ಲಿ ಕಲಿಯದ, ಅಲ್ಲಿಂದ ಮುಂದೆ ತನ್ನ ಯೋಚನೆಯ ಭಾಷೆಯಾಗದ ಭಾಷೆಯಲ್ಲಿ ಯಾರೂ ನಾದವುಳ್ಳ ಬರಹ ಬರೆಯಲಾರರು ಎಂಬುದು ಅವನ ತೀರ್ಮಾನ. ಓದಿ ಎದೆ ಧಸಕ್ಕೆಂದಿತು. ಬಸ್ಸು ಬಂದ್ಲು ಎಂದ ಹುಡುಗನಿಗೆ ಆ ವಾಕ್ಯ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಾವು ಯೋಚಿಸುವುದು ಯಾವ ಭಾಷೆಯಲ್ಲಿ? ಲೆಕ್ಕ ಮಾಡುವುದು ಕನ್ನಡದಲ್ಲಿ, ದುವಾ ಕೇಳುವುದು ಉರ್ದುವಿನಲ್ಲಿ, ಸಿಟ್ಟು ಬಂದರೆ ದಖನಿ. ಕನಸು ಯಾವುದರಲ್ಲಿ ಬೀಳುತ್ತದೆಂದು ಹೆಂಡತಿಯನ್ನು ಕೇಳಿದರೆ, "ನೀವು ಗೊರಕೆ ಹೊಡೆಯೋದು ಕನ್ನಡದಲ್ಲೇ" ಎಂದಳು.

ಮೊಕಾಶಿಯವರಿಗೆ ಈ ಮಾತು ತಿಳಿಯದೇ ಇತ್ತೇ? ಯೇಟ್ಸನನ್ನು ಅರೆದು ಕುಡಿದವರು ಅವರು. ಆದರೂ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆದರು. ಭಾರತೀಯರು ಇಂಗ್ಲಿಷಿನಲ್ಲಿ ಬರೆಯಲಿ ಎಂದು ಕಲ್ಕತ್ತೆಯಲ್ಲಿ ರೈಟರ್ಸ್ ವರ್ಕ್‌ಶಾಪ್ ನಡೆಸುತ್ತಿದ್ದ ಪಿ. ಲಾಲ್ ಅವರ ಬಗ್ಗೆ 1968ರಲ್ಲಿ ಒಂದು ಪುಸ್ತಕವನ್ನೇ ಬರೆದರು. ತಮ್ಮ ಕವಿಯನ್ನು ಪ್ರೀತಿಸಿದರು, ಅವನ ಈ ಒಂದು ತೀರ್ಪಿಗೆ ತಲೆಬಾಗಲಿಲ್ಲ. ವಿದ್ವಾಂಸನಾದವನು ತಾನು ಓದುವ ಕವಿಗೆ ಮುರೀದನಾಗಬೇಕಿಲ್ಲ ಎಂಬುದನ್ನು ನಾವು ಇಲ್ಲಿ ಕಂಡೆವು. ಆ ಯೇಟ್ಸನಾದರೂ ತನ್ನ ಪಾಡನ್ನು ಅರಿಯದವನಲ್ಲ. 1937ರಲ್ಲಿ ಬರೆದ ಒಂದು ಲೇಖನದಲ್ಲಿ, ಐರಿಷ್ ತನ್ನ ನಾಡಿನ ಭಾಷೆ ಹೌದು, ತಾಯ್ನುಡಿಯಲ್ಲ ಎಂದು ಒಪ್ಪಿಕೊಂಡಿದ್ದಾನೆ. ನಾಡಿನ ಭಾಷೆ ಒಂದು, ತಾಯಿಯ ಭಾಷೆ ಇನ್ನೊಂದು. ಇದನ್ನು ಓದಿದ ಮೇಲೆ ಹಳೆಯ ಕಾಗದದ ಮೇಲಿನ ಸಿಟ್ಟು ಅರ್ಧ ಇಳಿಯಿತು.

ಇನ್ನು ಮೊಕಾಶಿಯವರು ವಿಶೇಷವಾಗಿ ದುಡಿದ ಕಡೆಗೆ ಬರೋಣ. ಯೇಟ್ಸನ ಕೊನೆಯ ಹತ್ತು ವರ್ಷಗಳಲ್ಲಿ ಅವನ ಪಕ್ಕದಲ್ಲಿ ಒಬ್ಬ ಭಾರತೀಯ ಸನ್ಯಾಸಿ ಇದ್ದರು. ಹೆಸರು ಪುರೋಹಿತ ಸ್ವಾಮಿ, ವಿದರ್ಭದ ಬಡ್ನೇರಾದವರು, 1882ರಲ್ಲಿ ಹುಟ್ಟಿದವರು. 1931ರಲ್ಲಿ ಇಂಗ್ಲೆಂಡಿಗೆ ಹೋದರು. ಅವರ ಆತ್ಮಕತೆಗೆ 1932ರಲ್ಲಿ ಯೇಟ್ಸ್ ಮುನ್ನುಡಿ ಬರೆದ. 1935-36ರ ಚಳಿಗಾಲದಲ್ಲಿ ಇಬ್ಬರೂ ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಕೂತು ಹತ್ತು ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದರು. ನಡುವೆ ಯೇಟ್ಸ್ ಸಾಯುವಷ್ಟು ಕಾಯಿಲೆ ಬಿದ್ದ. 1937ರಲ್ಲಿ ಪುಸ್ತಕ ಇಬ್ಬರ ಹೆಸರಿನಲ್ಲೂ ಬಂತು. ಯೇಟ್ಸ್ 1939ರಲ್ಲಿ, ಸ್ವಾಮಿ 1941ರಲ್ಲಿ ತೀರಿಕೊಂಡರು.

ಪಶ್ಚಿಮದ ಎಷ್ಟೋ ವಿಮರ್ಶಕರಿಗೆ ಈ ಸ್ವಾಮಿ ಮುದಿ ಕವಿಯ ಒಂದು ಖಯಾಲಿ. ದೊಡ್ಡ ಕವಿಯ ಜೀವನಚರಿತ್ರೆಯಲ್ಲಿ ನಗುವಿಗೊಂದು ನೆಪ. ಮೊಕಾಶಿಯವರು ನಗಲಿಲ್ಲ. ಆ ಸ್ನೇಹವನ್ನು ಯೇಟ್ಸನ ಕೊನೆಯ ಕಾವ್ಯದ ಒಳಗಿನ ಸಂಗತಿಯಾಗಿ ಓದಿದರು. ಸ್ವಾಮಿಗಳ 'ಅವಧೂತ ಗೀತೆ'ಯ ಅನುವಾದ 1979ರಲ್ಲಿ ದೆಹಲಿಯಲ್ಲಿ ಅಚ್ಚಾದಾಗ ಅದಕ್ಕೆ ಪೀಠಿಕೆ ಬರೆದವರು ಇವರೇ. ಸ್ವಾಮಿಗಳು ಸತ್ತು ಆಗಲೇ ಮೂವತ್ತೆಂಟು ವರ್ಷ. ಒಬ್ಬ ದೊಡ್ಡವನ ಅಡಿಟಿಪ್ಪಣಿಯಲ್ಲಿ ಬಿದ್ದಿದ್ದ ಮನುಷ್ಯನನ್ನು ಎತ್ತಿ ಕೂರಿಸಿ, ಇವರಿಗೂ ಒಂದು ಹೆಸರಿದೆ, ಒಂದು ಊರಿದೆ, ಒಬ್ಬ ಗುರುವಿದ್ದಾರೆ ಎಂದು ತೋರಿಸುವುದು ಸಣ್ಣ ಕೆಲಸವಲ್ಲ. ಅದನ್ನು ಲಂಡನ್ನಿನಿಂದ ಮಾಡುವುದಕ್ಕಿಂತ ಧಾರವಾಡದಿಂದ ಮಾಡುವುದು ಸುಲಭವೂ ಇರಬಹುದು. ಅಲ್ಲಿ ಸ್ವಾಮಿಗಳನ್ನು ಕಂಡರೆ ಯಾರೂ ಬೆಚ್ಚುವುದಿಲ್ಲ.

ನಮ್ಮ ಓದುಗರಿಗೆ ಸೇರಬೇಕಾದ ಒಂದು ಉಪಕತೆ ಇಲ್ಲಿದೆ. ಯೇಟ್ಸ್ 1925ರಲ್ಲಿ 'ಎ ವಿಷನ್' ಎಂಬ ಒಂದು ವಿಚಿತ್ರ ಗ್ರಂಥ ತಂದ. ಚಂದ್ರನ ಇಪ್ಪತ್ತೆಂಟು ಕಲೆಗಳು, ಮನುಷ್ಯ ಸ್ವಭಾವಗಳು, ಚರಿತ್ರೆಯ ಸುರುಳಿಗಳು ಎಲ್ಲ ಅದರಲ್ಲಿವೆ. ಇದೆಲ್ಲ ಬಂದದ್ದು ಅವನ ಹೆಂಡತಿಯ ಕೈ ತಾನೇ ತಾನಾಗಿ ಬರೆದ ಬರಹದಿಂದ. ಅದನ್ನು ನೇರ ಹೇಳಲಾಗದೆ, ಈ ವಿದ್ಯೆ ಅರಬರ ಒಂದು ಪಂಗಡದ್ದು, ಬಾಗ್ದಾದಿನ ಕುಸ್ತಾ ಬಿನ್ ಲೂಕಾ ಎಂಬವನದ್ದು ಎಂದು ಕತೆ ಕಟ್ಟಿದ. ಖಲೀಫ ಹಾರೂನ್ ಅಲ್ ರಷೀದ್ ಆ ಕುಸ್ತಾನಿಗೆ ಮದುವೆ ಮಾಡಿಸಿ, ಹೆಂಡತಿ ನಿದ್ದೆಯಲ್ಲಿ ರಹಸ್ಯಗಳನ್ನು ನುಡಿಯುವಳೆಂದು ಒಂದು ಕವಿತೆಯನ್ನೂ ಬರೆದ. ನಿಜದ ಕುಸ್ತಾ ಬಿನ್ ಲೂಕಾ ಒಂಬತ್ತನೆಯ ಶತಮಾನದ ವೈದ್ಯ, ಕ್ರೈಸ್ತ, ಗ್ರೀಕ್ ಗ್ರಂಥಗಳನ್ನು ಅರಬ್ಬಿಗೆ ತಂದ ದೊಡ್ಡ ಅನುವಾದಕ. ಹಾರೂನ್ 809ರಲ್ಲೇ ತೀರಿಕೊಂಡಿದ್ದ. ಕುಸ್ತಾ ಹುಟ್ಟಿದ್ದೇ ಅದಾದ ಮೇಲೆ. ಹುಟ್ಟದವನಿಗೆ ಮದುವೆ ಮಾಡಿಸಿದ ಕವಿ! ಆದರೂ ತನ್ನ ಮನೆಯ ಗುಟ್ಟನ್ನು ಹೇಳಲು ಅವನಿಗೆ ಬಾಗ್ದಾದಿನ ಒಬ್ಬ ಅನುವಾದಕ ಬೇಕಾದನಲ್ಲ ಎಂದು ನಾವು ಒಳಗೊಳಗೇ ಖುಷಿಪಟ್ಟೆವು.

ಕವಿಯ ಗುಣ ವಿದ್ವಾಂಸರಿಗೂ ಅಂಟಿತೇನೋ. ಮೊಕಾಶಿಯವರ 'ಅವಧೇಶ್ವರಿ' ವೇದಕಾಲದ ಕತೆ. ಋಗ್ವೇದದಲ್ಲಿ ಬರುವ ಪುರುಕುತ್ಸ, ಅವನ ರಾಣಿ, ಮಗ ತ್ರಸದಸ್ಯು ಅದರಲ್ಲಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಮೊಹೆಂಜೊದಾರೋ ಮುದ್ರೆಗಳ ಲಿಪಿಯನ್ನು ತಾವು ಓದಿದ್ದೇವೆ, ಅಲ್ಲೂ ಇದೇ ಕತೆಯ ಸುಳಿವಿದೆ ಎಂದು ಅವರು ವಾದಿಸಿದರು. ನಾವು ಅವರ ಹಿಂದೆ ಅಷ್ಟು ದೂರ ಹೋಗಲಾರೆವು. ಆ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಓದಿದವರು ಇಂದಿಗೂ ಇಲ್ಲ. ಆದರೆ ನಗುವುದೂ ನಮ್ಮಿಂದಾಗದು. ಸ್ವಾಮಿಗಳನ್ನು ನೋಡಿ ಲೋಕ ನಕ್ಕಾಗ ನಗದಿದ್ದವರು ಅವರು. ಯೇಟ್ಸ್ ಚಂದ್ರಕಲೆಗಳ ಲೆಕ್ಕ ಹಾಕಿ ಕಡೆಗೆ ಒಳ್ಳೆಯ ಕವಿತೆಗಳನ್ನು ಬರೆದ. ಮೊಕಾಶಿ ಮುದ್ರೆಗಳನ್ನು ದಿಟ್ಟಿಸಿ ಕಡೆಗೆ ಒಂದು ಕಾದಂಬರಿ ಬರೆದರು. ಲೆಕ್ಕ ತಪ್ಪಿದರೂ ಬರಹ ಉಳಿಯಿತು. ನಮ್ಮ ಲೆಕ್ಕದ ವೃತ್ತಿಯಲ್ಲಿ ಈ ಸೌಕರ್ಯ ಇಲ್ಲ.

ಕನ್ನಡಕ್ಕೂ ಐರ್ಲೆಂಡಿಗೂ ಇರುವ ನಂಟು ಅವರೊಬ್ಬರದೇ ಅಲ್ಲ. ಯು.ಆರ್. ಅನಂತಮೂರ್ತಿಯವರು ಯೇಟ್ಸನ ಕವಿತೆಗಳನ್ನು ಕನ್ನಡಕ್ಕೆ ತಂದರು. ಅದಕ್ಕೂ ಬಹಳ ಮೊದಲು, ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್ ಎಂಬ ಕವಿ, ಯೇಟ್ಸನ ಬಳಗದ ಒಡನಾಟವಿದ್ದವನು, 1915ರಲ್ಲಿ ಆನಿ ಬೆಸೆಂಟರ ಕರೆಯ ಮೇರೆಗೆ ಮದ್ರಾಸಿಗೆ ಬಂದ. ಮದನಪಲ್ಲಿಯಲ್ಲಿ ಪಾಠ ಹೇಳಿದ. 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಹುಡುಗನೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಹೋದ. ಕಸಿನ್ಸ್ ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀ ಎಂದು ಕೇಳಿದ, ಕನ್ನಡದಲ್ಲಿ ಬರೆ ಎಂದ. ಹುಡುಗನಿಗೆ ಆ ಹೊತ್ತಿಗೆ ರುಚಿಸಲಿಲ್ಲ. ಆ ಹುಡುಗ ಕುವೆಂಪು. ತನ್ನ ನಾಡಿನ ಭಾಷೆಯಲ್ಲಿ ಬರೆಯದೆ ಇಂಗ್ಲಿಷಿನಲ್ಲೇ ಬರೆದ ಐರಿಷ್‌ನೊಬ್ಬ ಕನ್ನಡದ ಹುಡುಗನಿಗೆ ಕೊಟ್ಟ ಬುದ್ಧಿವಾದ ಅದು. ತಾನು ಕಳೆದುಕೊಂಡದ್ದನ್ನು ಬಲ್ಲವನ ಮಾತು ಎಂದು ನಮಗೆ ತೋರುತ್ತದೆ.

ಆ ಮಾತಿನಿಂದ ಹೊರಳಿದ ದಾರಿಯಲ್ಲೇ 'ಶ್ರೀ ರಾಮಾಯಣ ದರ್ಶನಂ' ಬಂತು. ಅದನ್ನು ಪೂರ್ತಿಯಾಗಿ ಇಂಗ್ಲಿಷಿಗೆ ಮಾಡಿದವರು ಯಾರು ಎಂದರೆ ಮತ್ತೆ ಮೊಕಾಶಿ ಪುಣೇಕರರೇ. ಸಾಹಿತ್ಯ ಅಕಾಡೆಮಿ ಆ ಅನುವಾದವನ್ನು 2004ರಲ್ಲಿ ಪ್ರಕಟಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಐರಿಷ್ ಕವಿಯೊಬ್ಬ ಇಂಗ್ಲಿಷಿನಿಂದ ಕನ್ನಡಕ್ಕೆ ಅಟ್ಟಿದ್ದನ್ನು, ಐರಿಷ್ ಕಾವ್ಯ ಓದಿದ ಕನ್ನಡಿಗರೊಬ್ಬರು ಎಂಬತ್ತು ವರ್ಷದ ಮೇಲೆ ಇಂಗ್ಲಿಷಿಗೆ ಹೊತ್ತುಕೊಂಡು ಹೋದರು. ಬಾಲ್ಯದಲ್ಲಿ ಕಲಿಯದ ಭಾಷೆ ಎಂಬ ಯೇಟ್ಸನ ತಕರಾರು ಈ ಹೊರೆಯ ಯಾವ ಮೂಲೆಯಲ್ಲಿತ್ತೋ.

ನಮ್ಮ ಕತೆಗೆ ಬಂದರೆ, ಆ ಹಳೆಯ ಕತೆಯನ್ನು ಮತ್ತೆ ಬರೆದೆವು. ಗಂಗವ್ವನ ಮಾತನ್ನು ಕದಿಯಲಿಲ್ಲ. ಅದು ನಮ್ಮ ಮನೆಯದಲ್ಲ. ಅಮ್ಮಿ ಬಾಗಲಗುಂಟೆಯ ತರಕಾರಿಯವಳ ಜೊತೆ, ಮಹಡಿ ಮನೆಯ ಹೆಂಗಸಿನ ಜೊತೆ ಆಡುವ ಕನ್ನಡವನ್ನು ವಾರಗಟ್ಟಲೆ ಕಿವಿಗೊಟ್ಟು ಕೇಳಿದೆವು. ಅದರ ಪದಗಳು ಕನ್ನಡದವು, ಮಾತು ತಿರುಗುವ ರೀತಿ ದಖನಿಯದು. ಆ ಕನ್ನಡವನ್ನೇ ಕತೆಯ ತಾಯಿಗೆ ಕೊಟ್ಟೆವು. "ಬೇಗ ಬಾರೋ, ಸಾಲನ್ ಥಂಡ ಆಗೋಯ್ತು" ಎಂದು ಅವ್ವ ಕೂಗುವಂತೆ ಬರೆದು, ಹಾಗೆಯೇ ಓದಿ ಹೇಳಿದೆವು. ಅಮ್ಮಿ ಎಲೆ ಅಡಿಕೆ ಜಗಿಯುತ್ತಾ ಕೇಳಿದಳು. ಈ ಸಲ ಯಾರು ಈ ಹೆಂಗಸು ಎನ್ನಲಿಲ್ಲ. "ಮೈ ಬೇಗ ನಈ ಬೋಲ್‌ತೀ. ಜಲ್ದಿ ಬೋಲ್‌ತ್ಯೂಂ" ಎಂದಳು. ತಾನು ಬೇಗ ಎನ್ನುವುದಿಲ್ಲ, ಜಲ್ದಿ ಎನ್ನುತ್ತೇನೆ. ಅವಳ ಎದುರೇ ಹೊಡೆದುಹಾಕಿ 'ಜಲ್ದಿ' ಎಂದು ಬರೆದೆವು. ಅಮ್ಮಿ 2019ರಲ್ಲಿ ತೀರಿಕೊಂಡಳು. ಕತೆ ಆಮೇಲೆ ಒಂದು ಪತ್ರಿಕೆಯಲ್ಲಿ ಬಂತು, ಆ ಪದ ಹಾಗೆಯೇ ಉಳಿದಿತ್ತು.

ಯೇಟ್ಸ್ ಗ್ರಂಥವನ್ನು ಗೆಳೆಯರಿಗೆ ಹಿಂದಿರುಗಿಸಿದ್ದೇವೆ. 'ಗಂಗವ್ವ ಗಂಗಾಮಾಯಿ' ಮಾತ್ರ ನಮ್ಮ ಕಪಾಟಿನಲ್ಲಿಲ್ಲ. ಮಹಡಿ ಮನೆಯವರು ಒಯ್ದು ವರ್ಷದ ಮೇಲಾಯಿತು. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಊಟವಾದ ಮೇಲೆ ಅವರು ಹೆಂಡತಿಗೆ ಗಟ್ಟಿಯಾಗಿ ಓದುತ್ತಾರೆ, ಮೆಟ್ಟಿಲ ಬಳಿ ನಿಂತರೆ ನಮಗೂ ಕೇಳುತ್ತದೆ. ಹೋದ ವಾರ ಕೇಳಿದ್ದಕ್ಕೆ, "ಓದಿ ಮುಗಸೀನ್ರಿ, ಸಾಹೇಬ್ರ. ಆದ್ರ ಇಕಿ ಮತ್ತ ಮೊದಲಿಂದ ಓದ ಅನ್ನಾಕತ್ತಾಳ. ತಡೀರಿ ಸ್ವಲ್ಪ" ಎಂದರು.